ಉಳಿದ ನೂಲಿನ ಹೂವು

ಸಿಂಧನೂರಿನ ಬೇಸಿಗೆಯಲ್ಲಿ ಉಣ್ಣೆಯ ಮಾತೆತ್ತುವುದೇ ಒಂದು ವಿನೋದ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಸುತ್ತಲಿನ ಬೆದ್ದಲು ಭತ್ತದ ಗದ್ದೆಯಾಯಿತೇ ಹೊರತು ಬಿಸಿಲಿನ ಸ್ವಭಾವವೇನೂ ಬದಲಾಗಲಿಲ್ಲ. ಆದರೂ ಇಲ್ಲಿಯ ಮನೆಗಳಲ್ಲಿ ಉಲ್ಲನ್ ನೂಲು ಇದ್ದೇ ಇದೆ. ಅದು ಮೈಗೆ ಹೊದೆಯಲು ಅಲ್ಲ. ಬಾಗಿಲಿಗೆ ತೋರಣವಾಗಿ, ದೇವರ ಪಟಕ್ಕೆ ಮಾಲೆಯಾಗಿ ಅದರ ಬಾಳು ಸಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಬೆಂಗಳೂರಿನಲ್ಲಿರುವ ಮೊಮ್ಮಗನಿಗೆ ಸ್ವೆಟರು ಹೆಣೆದು ಮುಗಿಸಿದ್ದಳು. ಉಳಿದ ನೂಲಿನ ತುಣುಕುಗಳು, ಹಳದಿ ಒಂದು ಮೊಳ, ಕೆಂಪು ಒಂದು ಮಾರು, ಡಬ್ಬಿಯೊಂದರಲ್ಲಿ ಬಿದ್ದಿದ್ದವು. ಮಧ್ಯಾಹ್ನ ಎಲ್ಲರ ಊಟವಾಗಿ, ಪಾತ್ರೆಗಳು ಬೋರಲು ಬಿದ್ದ ಮೇಲೆ, ಅವಳು ಕ್ರೋಶಾ ಕಡ್ಡಿ ಹಿಡಿದು ಕುಳಿತಳು. ನಾಲ್ಕಾರು ಕುಣಿಕೆಗಳ ಸರಪಳಿ, ಅದನ್ನು ಕೂಡಿಸಿ ಒಂದು ಬಳೆ, ಬಳೆಯ ಸುತ್ತ ಐದು ಎಸಳು. ಕಡ್ಡಿಯ ಕೊಕ್ಕೆಯಲ್ಲಿ ಉಳಿದಿರುವ ಆ ಒಂದು ಕುಣಿಕೆ ಜಾರಿ ನೂಲು ಎಳೆಯಲ್ಪಟ್ಟರೆ ಹೂವೆಲ್ಲ ಬಿಚ್ಚಿ ಮತ್ತೆ ನೂಲಾಗುತ್ತದೆ. ಹತ್ತು ನಿಮಿಷಕ್ಕೊಂದು ಹೂವು ಅವಳ ಮಡಿಲಿಗೆ ಬೀಳುತ್ತಿತ್ತು.

"ಇದು ಯಾತಕ್ಕ ಬರ್ತದ ಅಕ್ಕಾ?" ಎಂದೆ.

"ಯಾತಕ್ಕೂ ಬರಂಗಿಲ್ಲ ತಮ್ಮಾ. ನೂಲು ಉಳಿದದ, ವ್ಯಾಳ್ಯಾನೂ ಉಳಿದದ," ಎಂದು ನಕ್ಕಳು.

ಈ ಮಾತನ್ನು ನಾನು ಮೊದಲು ಮಿತವ್ಯಯದ ಪಾಠವೆಂದೇ ತಿಳಿದೆ. ನಮ್ಮ ಸೀಮೆಗೆ ಅದು ಹೊಸದಲ್ಲ. ಹರಿದ ಸೀರೆ, ಹಳೆಯ ಧೋತರಗಳನ್ನು ಪದರಪದರವಾಗಿ ಹೊಲಿದು ಕೌದಿ ಮಾಡಿದ ಅಜ್ಜಿಯರ ಮೊಮ್ಮಕ್ಕಳು ನಾವು. ಆದರೆ ಕೌದಿ ಚಳಿಗೆ ಆಗುತ್ತದೆ, ಹೂವು ಯಾತಕ್ಕೂ ಆಗದು. ಹಾಗಾದರೆ ನಿರುಪಯುಕ್ತವಾದುದಕ್ಕೆ ಶ್ರಮವನ್ನು ವ್ಯಯಿಸುವುದು ತಪ್ಪೇ? ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಲ್ಲಿ ಬಟ್ಟೆಯ ಚೂರುಗಳನ್ನು ಮಡಿಸಿ ಹೊಲಿದ ಪುಟ್ಟ ಹೂಗಳನ್ನು ಇಡುತ್ತಾರೆ. ಅವಕ್ಕೆ 'ಫೂಲ' ಎಂದೇ ಹೆಸರು. ಅವು ಯಾರನ್ನೂ ಬೆಚ್ಚಗಿಡುವುದಿಲ್ಲ. ಆದರೆ ಅವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಭಾವನೆ. ಹೊದಿಕೆಯೇ ಬತ್ತಲಾಗಬಲ್ಲುದೆಂಬ ಈ ಕಲ್ಪನೆಯಲ್ಲಿ ದೊಡ್ಡ ವಿವೇಕವಿದೆ. ಕೇವಲ ಉಪಯುಕ್ತವಾದ ಬಾಳು ಇನ್ನೂ ಪೂರ್ತಿ ಉಟ್ಟುಕೊಂಡ ಬಾಳಲ್ಲ.

ಇಲ್ಲಿಗೇ ನಿಂತಿದ್ದರೆ ನನ್ನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಆದರೆ ಅಕ್ಕನ ಮಾತಿನ ಎರಡನೆಯ ಭಾಗ ಮುಳ್ಳಿನಂತೆ ಚುಚ್ಚತೊಡಗಿತು. 'ವ್ಯಾಳ್ಯಾನೂ ಉಳಿದದ.' ಯಾರದು ಈ ಉಳಿದ ವೇಳೆ? ಅವಳ ದಿನದ ಹೊಸ ನೂಲೆಲ್ಲ ಇತರರ ಅಳತೆಗೆ ಹೋಗಿದೆ. ಅವಳ ಪಾಲಿಗೆ ಬಂದದ್ದು ತುಣುಕು. ತುಣುಕಿನಲ್ಲಿಯೂ ಹೂವು ಅರಳಿಸಿದಳೆಂದು ನಾವು ಹೊಗಳುವಾಗ, ಇಡೀ ಉಂಡೆಯನ್ನು ನಾವೇ ಇಟ್ಟುಕೊಂಡದ್ದು ಮರೆತುಹೋಗುತ್ತದೆ.

ಈ ಮರೆವಿನ ಬೆಲೆ ಸಣ್ಣದಲ್ಲ. ಆಂಧ್ರದ ನರಸಾಪುರದಲ್ಲಿ ಸಾವಿರಾರು ಹೆಂಗಸರು ಇದೇ ಕ್ರೋಶಾ ಕಡ್ಡಿಯಿಂದ ಲೇಸು ಹೆಣೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ತಂದ ಆ ಕಸಬು ಮುಂದೆ ವಿದೇಶಗಳಿಗೆ ಮಾಲು ಕಳಿಸುವ ವ್ಯಾಪಾರವಾಗಿ ಬೆಳೆಯಿತು. ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರನ್ನು ಕುರಿತು 1982ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದಳು. ಆಕೆ ಕಂಡದ್ದಿಷ್ಟು: ಅವರು ದಿನವೂ ಗಂಟೆಗಟ್ಟಲೆ ದುಡಿಯುತ್ತಿದ್ದರು, ಆದರೆ ಅದು ಗೃಹಿಣಿಯರ ಬಿಡುವಿನ ಕೆಲಸವೆಂದು ಎಣಿಸಲ್ಪಟ್ಟದ್ದರಿಂದ ಕೂಲಿ ತೀರ ಅಲ್ಪ. 'ಬಿಡುವು' ಎಂಬ ಒಂದು ಮೃದುವಾದ ಶಬ್ದ ಎಷ್ಟು ಅನ್ಯಾಯವನ್ನು ಹೊದ್ದು ಮಲಗಬಲ್ಲದು!

ಮರುದಿನ ಮಸ್ಕಿಯ ಹಾದಿಯಾಗಿ ಲಿಂಗಸುಗೂರಿಗೆ ಹೊರಟೆ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದುದು ಬೀಡನ್ ಎಂಬ ಗಣಿ ಎಂಜಿನಿಯರನಿಂದ. ಚಿನ್ನದ ಕೆಲಸದವನ ಕಣ್ಣಿಗೆ ಅಕ್ಷರ ಬಿತ್ತು! 'ದೇವಾನಾಂಪ್ರಿಯ'ನೊಂದಿಗೆ 'ಅಶೋಕ' ಎಂಬ ಹೆಸರು ಕೂಡಿ ದೊರೆತುದರಿಂದ ಆ ಬಂಡೆ ಲೋಕಪ್ರಸಿದ್ಧವಾಯಿತು. ನನಗೆ ಅಂದು ನೆನಪಾದುದು ಅದರ ಇನ್ನೊಂದು ಅಂಶ. ಧರ್ಮದಲ್ಲಿ ತೊಡಗಿದ ಸಣ್ಣವನೂ ಎತ್ತರದ ಫಲವನ್ನು ಪಡೆಯಬಲ್ಲ, ಅದು ದೊಡ್ಡವರಿಗೆ ಮಾತ್ರವೆಂದು ಭಾವಿಸಬಾರದು ಎಂಬುದು ಅದರ ಅಭಿಪ್ರಾಯ. ಸಣ್ಣವರೂ ಮೇಲೇರಬಲ್ಲರೆಂದು ಅದು ಹೇಳುತ್ತದೆ. ಆದ್ದರಿಂದ ಅವರಿಗೆ ಉಳಿದದ್ದನ್ನು ಕೊಟ್ಟರೆ ಸಾಕೆಂದು ಹೇಳುವುದಿಲ್ಲ. ನಾವು ಮೊದಲನೆಯದನ್ನು ಓದಿ ಎರಡನೆಯದನ್ನು ಆಚರಿಸುತ್ತೇವೆ.

ಲಿಂಗಸುಗೂರಿನ ಪೇಟೆಯಲ್ಲಿ ಉಲ್ಲನ್ ನೂಲಿನ ಎರಡು ಹೊಸ ಉಂಡೆ ಕೊಂಡೆ. ಒಂದು ಹಳದಿ, ಒಂದು ಕೆಂಪು. ತಿರುಗಿ ಬಂದು ಅಕ್ಕನ ಕೈಗಿಟ್ಟು, "ಹೂವಿಗೆ" ಎಂದೆ.

ಅವಳು ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೊಸಾ ನೂಲು ಹೂವಿಗೆ ಯಾರು ಹಾಕ್ತಾರ? ಯಾರ ಅಳತಿಗೆ ಹೆಣೀಲಿ ಹೇಳು," ಎಂದಳು.

"ಯಾರ ಅಳತಿಗೂ ಬ್ಯಾಡ. ನಿನಗ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಉಂಡೆಗಳನ್ನು ಅಲಮಾರಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಳು. ಎರಡು ತಿಂಗಳ ಮೇಲೆ ಅಂಚೆಯಲ್ಲಿ ನನಗೊಂದು ಪೊಟ್ಟಣ ಬಂದಿತು. ಒಳಗೆ ಹಳದಿ ಮಫ್ಲರು, ಅದಕ್ಕೆ ಕೆಂಪು ಅಂಚು. ಜೊತೆಗೆ ಒಂದು ಚೀಟಿ: 'ನಿನ್ನ ಅಳತಿ ಗೊತ್ತಿತ್ತು. ನೂಲು ಸ್ವಲ್ಪ ಉಳದದ. ಅದು ನನಗ.'