ಟ್ಯಾಂಕಿನ ಮೇಲಿನ ತಾರೀಖು

ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ನೀರು ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಬರಿಯ ಮಣ್ಣಲ್ಲ, ಕೊಳೆತ ಎಲೆ, ಬೇರು, ತೊಗಟೆಗಳ ಸಾರವೂ ಅದರಲ್ಲಿದೆ. ಈ ಸಾರಕ್ಕೆ ಕ್ಲೋರಿನ್ ಬೆರೆತರೆ ಏನಾಗುತ್ತದೆಂದು 1974ರಲ್ಲಿ ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜಿನಲ್ಲಿದ್ದ ರಸಾಯನತಜ್ಞ ಯೋಹಾನೆಸ್ ರೋಕ್.

ರೋಕ್ ಮೊದಲು ಬಿಯರ್ ತಯಾರಿಕೆಯಲ್ಲಿದ್ದವರು. ಮುಚ್ಚಿದ ಪಾತ್ರೆಯಲ್ಲಿ ಬಿಯರಿನ ಮೇಲೆ ನಿಲ್ಲುವ ಗಾಳಿಯನ್ನು ಹಿಡಿದು ಪರಿಮಳದ ಅಂಶಗಳನ್ನು ಗುರುತಿಸುವ ಕ್ರಮ ಅವರಿಗೆ ಗೊತ್ತಿತ್ತು. ಅದನ್ನೇ ಕುಡಿಯುವ ನೀರಿಗೂ ಬಳಸಿದರು. ಸಿಕ್ಕಿದ್ದು ಕ್ಲೋರೋಫಾರ್ಮ್ ಮತ್ತು ಅದರ ಹತ್ತಿರದ ಬಳಗ. ಕಾರ್ಖಾನೆಗಳ ಕೊಳೆ ಹೊತ್ತು ಬರುತ್ತಿದ್ದ ರೈನ್ ನದಿಯ ಮೇಲೆ ಯಾರಿಗಾದರೂ ಅನುಮಾನ ಬರಬೇಕು. ಆದರೆ ಅವು ಹುಟ್ಟುತ್ತಿದ್ದುದು ನೀರು ಶುದ್ಧಗೊಳಿಸುವ ಘಟಕದೊಳಗೇ, ಕ್ಲೋರಿನ್ ಹಾಕಿದ ಮೇಲೆ.

ಟ್ರೈಹ್ಯಾಲೋಮೀಥೇನ್ ಎಂದು ಕರೆಯುವ ಈ ಬಳಗಕ್ಕೆ ಅಮೆರಿಕ 1979ರಲ್ಲಿ ಲೀಟರಿಗೆ 100 ಮೈಕ್ರೋಗ್ರಾಂ ಮಿತಿ ಹಾಕಿತು, ಮುಂದೆ ಅದನ್ನು 80ಕ್ಕೆ ಇಳಿಸಿತು. ನಮ್ಮ ಕುಡಿಯುವ ನೀರಿನ ಮಾನಕದಲ್ಲೂ ಒಂದೊಂದಕ್ಕೂ ಮಿತಿಯಿದೆ. ಇಂಥ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ.

ಹಾಗೆಂದು ಕ್ಲೋರಿನ್ ಬಿಡುವ ಮಾತು ಬೇಡವೇ ಬೇಡ. ಕಾಲರಾ ಒಂದೇ ದಿನದಲ್ಲಿ ಮಗುವಿನ ಜೀವ ತೆಗೆಯಬಲ್ಲದು. ಕ್ಯಾನ್ಸರಿನ ಸಣ್ಣ ಅಪಾಯವನ್ನು ತಗ್ಗಿಸಲು ಹೋಗಿ ರೋಗಾಣು ಕೊಲ್ಲುವ ಕೆಲಸ ಸಡಿಲವಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ತಪ್ಪಿರುವುದು ಕ್ಲೋರಿನ್ನಿನಲ್ಲಲ್ಲ, ಅದಕ್ಕೆ ಮೊದಲು ಆಗಬೇಕಾದ ಕೆಲಸವನ್ನು ನಾವು ಬಿಡುವುದರಲ್ಲಿ. ಆಲಂ ಹಾಕಿ ಕದಡನ್ನು ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಕೊಟ್ಟರೆ ಅದಕ್ಕೆ ಬೆರೆಯಲು ಎಲೆಯ ಸಾರ ಅಷ್ಟಾಗಿ ಉಳಿದಿರುವುದಿಲ್ಲ. ಪಾಚಿಗಟ್ಟಿದ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದು ಕೈತೊಳೆದುಕೊಂಡರೆ ಪೌಡರಿನ ಕಸುವು ಪಾಚಿಗೇ ಸಂದುಹೋಗುತ್ತದೆ, ಜೊತೆಗೆ ಬೇಡದ್ದೂ ಹುಟ್ಟುತ್ತದೆ.

ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುವಂಥದ್ದು. ಮುಚ್ಚಳ ತೆಗೆದು, ಕಿಟಕಿ ತೆರೆದು ನೀರು ಕುದಿಸಿದರೆ ಬಹುಪಾಲು ಹಾರಿಹೋಗುತ್ತದೆ. ಅದರೊಂದಿಗೇ ಹುಟ್ಟುವ ಹ್ಯಾಲೋಅಸಿಟಿಕ್ ಆಮ್ಲಗಳು ಹಾಗೆ ಹಾರುವುದಿಲ್ಲ. ಅವನ್ನು ತಡೆಯಬೇಕಾದವರು ನೀರು ಬಿಡುವವರು, ಒಲೆಯ ಮುಂದೆ ನಿಂತ ತಾಯಿಯಲ್ಲ.

ತೊಳೆದ ತಾರೀಖನ್ನು ಓವರ್‌ಹೆಡ್ ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆಯುವ ರೂಢಿ ಹಲವು ಊರುಗಳಲ್ಲಿದೆ. ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಅದನ್ನು ಹುಡುಕುತ್ತದೆ.