ಹಗ್ಗ ಹಿಡಿದವರ ಹೊಣೆ



ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ದಿನಕ್ಕೊಮ್ಮೆಯಾದರೂ ಅದನ್ನು ಹೊರಗೆ ಸುತ್ತಾಡಿಸಿಕೊಂಡು ಬರುತ್ತೀರಿ. ಆ ಸುತ್ತಾಟ ಯಾರಿಗಾಗಿ ಎಂದು ಕೇಳಿದರೆ, "ನಾಯಿಗಾಗಿ, ಇನ್ಯಾರಿಗೆ?" ಎಂದು ಥಟ್ಟನೆ ಹೇಳುತ್ತೀರಿ. ಹಾಗಾದರೆ ಅದರ ಹೊತ್ತನ್ನು ಗೊತ್ತು ಮಾಡಿದವರು ಯಾರು? ನಮ್ಮ ಕಚೇರಿಯ ವೇಳೆ, ಮಕ್ಕಳ ಶಾಲೆಯ ವೇಳೆ, ಭಾನುವಾರವಾದರೆ ಪೂಜೆ ಮುಗಿದು ತಿಂಡಿಯಾದ ಮೇಲಿನ ವೇಳೆ. ಅಷ್ಟರಲ್ಲಿ ಗಂಟೆ ಹತ್ತೂವರೆಯಾಗಿರುತ್ತದೆ. ತಿಂಗಳು ಏಪ್ರಿಲ್. ನಮ್ಮ ಕಾಲಲ್ಲಿ ಚಪ್ಪಲಿ ಇದೆ, ತಲೆಯ ಮೇಲೆ ಟೋಪಿ ಇದೆ. ನಾಯಿಗೆ ಏನಿದೆ?

ಕುಟುಂಬದ ಪುಟದಲ್ಲಿ ನಾಯಿಯ ವಿಷಯವೇಕೆ ಎಂದು ಹುಬ್ಬೇರಿಸಬೇಡಿ. ನಮ್ಮನ್ನು ನಂಬಿದವರನ್ನು, ನಮಗೆ 'ಇಲ್ಲ' ಎನ್ನಲಾರದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ಮನೆಯೊಳಗಿನ ಪ್ರಶ್ನೆಯೇ. ಮಕ್ಕಳು ಅದಕ್ಕೆ ಉತ್ತರ ಕಲಿಯುವುದು ನಾವು ಹೇಳುವ ಬುದ್ಧಿಮಾತಿನಿಂದಲ್ಲ, ನಾವು ನಡೆದುಕೊಳ್ಳುವ ರೀತಿಯಿಂದ.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯನ್ನು ನೀವು ಕೇಳಿಬಲ್ಲಿರಿ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹುಟ್ಟೂರು ಎಂದು ನಾಡಿಗೆಲ್ಲ ಪರಿಚಿತವಾದ ಹಳ್ಳಿ. ಅಲ್ಲಿಯಾಗಲಿ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಬೇರೆ ಹಳ್ಳಿಗಳಲ್ಲಾಗಲಿ ನಾಯಿಯನ್ನು 'ವಾಕಿಂಗ್' ಕರೆದೊಯ್ಯುವ ರೂಢಿ ಹಿಂದೆ ಇರಲಿಲ್ಲ. ಹಳ್ಳಿಯ ನಾಯಿ ಬೆಳಗಿನ ತಂಪಿನಲ್ಲಿ ಯಜಮಾನನ ಹಿಂದೆ ಹೊಲಕ್ಕೆ ಹೋಗುತ್ತದೆ. ಬಿಸಿಲೇರಿದರೆ ಯಾರನ್ನೂ ಕೇಳದೆ ಗಾಡಿಯ ಕೆಳಗೋ, ಹೊಂಗೆಯ ನೆರಳಿಗೋ ಸೇರಿಕೊಳ್ಳುತ್ತದೆ. ಕೊಟ್ಟಿಗೆಯ ತಣ್ಣನೆಯ ಮಣ್ಣನ್ನು ಕೆರೆದು ಹೊಟ್ಟೆ ಊರಿ ಮಲಗುತ್ತದೆ. ಅದಕ್ಕೆ ಔಷಧಿಯಿಲ್ಲ, ಲಸಿಕೆಯಿಲ್ಲ, ಮೂರು ಹೊತ್ತಿನ ಊಟದ ಖಾತರಿಯೂ ಇಲ್ಲ. ಹಳ್ಳಿಯ ನಾಯಿಯ ಬಾಳು ಸುಖದ್ದೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಸ್ವಾತಂತ್ರ್ಯ ಅದಕ್ಕಿದೆ: ನೆರಳನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ.

ಇಂಥ ಊರುಗಳಿಂದ ಹಾಸನಕ್ಕೆ, ಬೆಂಗಳೂರಿಗೆ ಹೋಗಿ ನೆಲೆಸಿದ ಕುಟುಂಬಗಳು ಎಷ್ಟೋ ಇವೆ. ಅಲ್ಲಿ ನಾಯಿ ಮನೆಯ ಒಳಗೇ ಬೆಳೆಯುತ್ತದೆ. ಸೋಫಾದ ಮೇಲೆ ಮಲಗುತ್ತದೆ, ಮಕ್ಕಳ ಹುಟ್ಟುಹಬ್ಬದ ಫೋಟೋದಲ್ಲಿ ನಿಲ್ಲುತ್ತದೆ. ಹೊರಗಿನ ಲೋಕ ಅದಕ್ಕೆ ಸಿಗುವುದು ದಿನಕ್ಕೆ ಒಂದೋ ಎರಡೋ ಗಂಟೆ, ಅದೂ ಕೊರಳಿಗೆ ಕಟ್ಟಿದ ಹಗ್ಗದಷ್ಟು ಉದ್ದಕ್ಕೆ. ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಥ ನಾಯಿಗಳಿಗೆ ದೊಡ್ಡ ಆಸರೆ. 1870ರಲ್ಲಿ ಆರಂಭವಾದ, ಸುಮಾರು 300 ಎಕರೆಯ ಆ ತೋಪಿನಲ್ಲಿ ಸಮತಟ್ಟಾದ ದಾರಿಗಳಿವೆ, ಹಳೆಯ ಮರಗಳಿವೆ. ವಯಸ್ಸಾದವರೂ ಮಕ್ಕಳೂ ಆಯಾಸವಿಲ್ಲದೆ ನಡೆಯಬಲ್ಲ ಜಾಗ ಅದು. ಅಪಾಯ ಇರುವುದೂ ಈ 'ಸುಲಭ' ಎಂಬ ಮಾತಿನಲ್ಲೇ. ನಮಗೆ ಸುಲಭವಾದದ್ದು ನಾಯಿಗೂ ಸುಲಭ ಎಂದು ನಾವು ಎಣಿಸಿಬಿಡುತ್ತೇವೆ.

ನಾಯಿಯ ದೇಹ ನಮ್ಮ ದೇಹದಂತಲ್ಲ. ನಾವು ಮೈಯೆಲ್ಲ ಬೆವರಿ ತಂಪಾಗುತ್ತೇವೆ. ನಾಯಿ ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಅದೂ ಅತ್ಯಲ್ಪ. ಮೈಯ ಬಿಸಿಯನ್ನು ಅದು ಹೊರಹಾಕುವುದು ನಾಲಿಗೆ ಚಾಚಿ ತೇಕುವುದರಿಂದ. ಅದರ ಸಹಜ ದೇಹೋಷ್ಣವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ದಾಟಿದರೆ ಪ್ರಾಣಕ್ಕೇ ಕುತ್ತು. ಅದರ ಹೊಟ್ಟೆ ನೆಲಕ್ಕೆ ಹತ್ತಿರವಾದ್ದರಿಂದ ಕಾದ ನೆಲದ ಝಳ ನಮಗಿಂತ ಮೊದಲು ಅದಕ್ಕೆ ತಾಗುತ್ತದೆ. ಗಾಳಿಯಲ್ಲಿ ಬಿಸಿ ಹಿತವೆನಿಸುವಷ್ಟೇ ಇದ್ದಾಗಲೂ ಡಾಂಬರು, ಸಿಮೆಂಟು ಇಟ್ಟಿಗೆಯ ಕಾಲುದಾರಿಗಳು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತವೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ತಂಪಿನಲ್ಲೂ ಉಸಿರಾಟ ಕಷ್ಟ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆಯೇ ನಡೆಯುವ ಪಗ್ ಬಂತು. ಆ ಮುದ್ದು ಮುಖ ನೋಡಿ ಎಷ್ಟೋ ಮನೆಗಳಿಗೆ ಪಗ್ ಬಂತು. ಹಿಮದ ನಾಡಿನ ಹಸ್ಕಿಯೂ ಈಗ ನಮ್ಮ ಬಡಾವಣೆಗಳಲ್ಲಿ ಕಾಣಸಿಗುತ್ತದೆ.

'ನಮ್ಮದು ತಂಪು ಊರು' ಎಂಬ ಸಮಾಧಾನವೂ ಇನ್ನು ನಡೆಯದು. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಹಾಸನ ನಗರ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದ್ದರೂ ಮಾರ್ಚ್ ಬಂತೆಂದರೆ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತದೆ.

ಇಷ್ಟೆಲ್ಲ ಹೇಳಿದಾಗ ಕೆಲವರು, "ನಮ್ಮ ನಾಯಿ ಸಂತೋಷವಾಗಿಯೇ ಬರುತ್ತದಲ್ಲ! ಬೆಲ್ಟು ಕೈಗೆತ್ತಿಕೊಂಡರೆ ಸಾಕು, ಕುಣಿಯುತ್ತದೆ" ಎನ್ನುತ್ತಾರೆ. ಸುಳ್ಳಲ್ಲ, ಅದು ಕುಣಿಯುತ್ತದೆ. ಆದರೆ ಅದು ಕುಣಿದದ್ದು ನಿಮ್ಮ ಜೊತೆ ಹೊರಡುವ ಸಂತೋಷಕ್ಕೆ. ಹೊರಗಿನ ನೆಲ ಎಷ್ಟು ಕಾದಿದೆ ಎಂಬ ಲೆಕ್ಕ ಅದಕ್ಕೆ ಗೊತ್ತಿಲ್ಲ. ಒಮ್ಮೆ ಹೊರಟ ಮೇಲೆ ಅಂಗಾಲು ಸುಟ್ಟರೂ ಅದು ನಿಮ್ಮ ಹಿಂದೆಯೇ ಬರುತ್ತದೆ. ಅದರ ವಿಧೇಯತೆಯನ್ನು ನಾವು ಒಪ್ಪಿಗೆ ಎಂದು ತಿಳಿಯುತ್ತೇವೆ. ಒಪ್ಪಿಗೆ ಎನ್ನಬೇಕಾದರೆ ನಿರಾಕರಿಸುವ ಅವಕಾಶ ಇರಬೇಕು. ಹಗ್ಗದ ತುದಿಯಲ್ಲಿರುವವನಿಗೆ ಆ ಅವಕಾಶ ಎಲ್ಲಿದೆ?

ಬೈಬಲಿನ ಸಂಖ್ಯಾಕಾಂಡದ 22ನೇ ಅಧ್ಯಾಯದಲ್ಲಿ ಬಿಳಾಮನ ಕತ್ತೆಯ ಕಥೆಯಿದೆ. ದಾರಿಗೆ ಅಡ್ಡ ನಿಂತ ದೇವದೂತನನ್ನು ಕತ್ತೆ ಕಂಡಿತು, ಬಿಳಾಮ ಕಾಣಲಿಲ್ಲ. ಕತ್ತೆ ದಾರಿಬಿಟ್ಟು ಸರಿಯಿತು, ಗೋಡೆಗೆ ಒತ್ತಿಕೊಂಡಿತು, ಕೊನೆಗೆ ಅಲ್ಲೇ ಮಲಗಿಬಿಟ್ಟಿತು. ಮೂರು ಸಲವೂ ಅದಕ್ಕೆ ಸಿಕ್ಕಿದ್ದು ಪೆಟ್ಟು. ದೇವರು ಅದಕ್ಕೆ ಮಾತು ಕೊಟ್ಟಾಗ ಅದು ಕೇಳಿದ್ದು, ನಾನೇನು ತಪ್ಪು ಮಾಡಿದೆನೆಂದು ಹೊಡೆದೆ ಎಂಬ ಸರಳ ಪ್ರಶ್ನೆ. ನಮ್ಮ ನಾಯಿಗೆ ಆ ಮಾತು ಸಿಗುವುದಿಲ್ಲ. ಆದರೆ ನಡೆಯುವ ನಾಯಿ ಇದ್ದಕ್ಕಿದ್ದಂತೆ ನೆರಳಲ್ಲಿ ಕುಳಿತುಬಿಟ್ಟರೆ, ಕಾಲನ್ನು ಎತ್ತಿ ಎತ್ತಿ ಇಟ್ಟರೆ, ಮುಂದೆ ಬರಲು ಹಿಂಜರಿದರೆ ಅದೇ ಅದರ ಮಾತು. "ಸೋಮಾರಿ, ಎದ್ದೇಳು" ಎಂದು ಹಗ್ಗ ಜಗ್ಗುವ ಮುನ್ನ, ಅದು ಕಂಡದ್ದು ನಮ್ಮ ಕಣ್ಣಿಗೆ ಬೀಳಲಿಲ್ಲವೇನೋ ಎಂದು ಒಂದು ಕ್ಷಣ ಯೋಚಿಸಬೇಕು.

ಹಾಗೆಂದು ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕುವುದು ಪರಿಹಾರವಲ್ಲ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಪ್ರಾಣಿಯನ್ನು ಸಾಕಿದವರು ಅದರ ಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವಾಗದಂತೆ ತಡೆಯಬೇಕು ಎನ್ನುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಅಡ್ಡಾಟ ಒದಗಿಸದಿರುವುದನ್ನೂ ಅದೇ ಕಾಯ್ದೆ ಕ್ರೌರ್ಯವೆಂದು ಎಣಿಸುತ್ತದೆ. ಅಂದರೆ ನಡೆಸಲೂಬೇಕು, ನೋಯಿಸಲೂಬಾರದು. ಇವೆರಡೂ ಕೂಡಿ ಬರಬೇಕಾದರೆ ಯಾರಾದರೂ ಒಬ್ಬರು ತಮ್ಮ ಅನುಕೂಲ ಬಿಡಬೇಕು. ಬೆಳಗಿನ ನಿದ್ದೆಯನ್ನೋ ಸಂಜೆಯ ಧಾರಾವಾಹಿಯನ್ನೋ ಬಿಡಬೇಕಾದವರು ನಾವೇ ತಾನೆ?

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. "ಉರಿಬಿಸಿಲಲ್ಲಿ ರಸ್ತೆಗೆ ಟಾರು ಹಾಕುವ ಮನುಷ್ಯರಿದ್ದಾರೆ. ಆಲೂಗೆಡ್ಡೆ ಹೊಲದಲ್ಲಿ ಬಗ್ಗಿ ದುಡಿಯುವ ಹೆಂಗಸರಿದ್ದಾರೆ. ಅವರನ್ನು ಬಿಟ್ಟು ನಾಯಿಯ ಅಂಗಾಲಿನ ಚಿಂತೆಯೇ?" ಇದು ತಳ್ಳಿಹಾಕುವ ಮಾತಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಎರಡನ್ನೂ ಒಂದೇ ಕಡೆ ಹೇಳುತ್ತದೆ: ಪ್ರಾಣಿಗಳನ್ನು ವಿನಾಕಾರಣ ನರಳಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ, ಹಾಗೆಯೇ ಮನುಷ್ಯರ ಕಷ್ಟ ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕುದಲ್ಲ.

ಆದರೆ ಬೆಳಗ್ಗೆ ಆರು ಗಂಟೆಗೆ ಎದ್ದು ನಾಯಿಯನ್ನು ನಡೆಸಲು ಹಣ ಬೇಕಿಲ್ಲ. ಅದರಿಂದ ಯಾವ ಬಡವನ ತುತ್ತೂ ಕಡಿಮೆಯಾಗುವುದಿಲ್ಲ. ಅದಲ್ಲದೆ, ಎಷ್ಟೋ ಅನುಕೂಲಸ್ಥರ ಮನೆಗಳಲ್ಲಿ ನಾಯಿಯ ಹಗ್ಗ ಹಿಡಿಯುವವರು ಯಾರು? ಮನೆಗೆಲಸದ ಹುಡುಗ, ಕಾವಲುಗಾರ, ಇಲ್ಲವೇ ಕೂಲಿಗೆ ಬಂದು ಸುತ್ತಾಡಿಸುವವನು. ಯಜಮಾನರಿಗೆ ಪುರುಸೊತ್ತಾದದ್ದು ಹನ್ನೊಂದು ಗಂಟೆಗೆ, ಅಪ್ಪಣೆಯಾದದ್ದೂ ಹನ್ನೊಂದು ಗಂಟೆಗೆ. ಆಗ ಬಿಸಿಲಲ್ಲಿ ಹೋಗುವವರು ಇಬ್ಬರು: ಹಗ್ಗದ ಒಂದು ತುದಿಯಲ್ಲಿ ನಾಯಿ, ಇನ್ನೊಂದು ತುದಿಯಲ್ಲಿ ಆತ. 'ಈಗ ಬೇಡ' ಎನ್ನುವ ಧೈರ್ಯ ಇಬ್ಬರಿಗೂ ಇಲ್ಲ. ನಾಯಿಯ ನೋವು ಕಾಣದ ಕಣ್ಣಿಗೆ ಅವನ ಆಯಾಸವೂ ಕಾಣುವುದಿಲ್ಲ. ಮಮತೆ ಒಂದು ಕಡೆ ಕಲಿತರೆ ಇನ್ನೊಂದು ಕಡೆಗೂ ಹರಿಯುತ್ತದೆ; ಉದಾಸೀನವೂ ಹಾಗೆಯೇ.

ನಮ್ಮ ಹಿರಿಯರು ಈ ಋಣವನ್ನು ಅರಿತಿದ್ದರು. ಕ್ರಿ.ಶ. 949-50ರ ಸುಮಾರಿನ ಆತಕೂರು ಶಾಸನ ಅದಕ್ಕೆ ಸಾಕ್ಷಿ. ಮದ್ದೂರು ತಾಲ್ಲೂಕಿನ ಆತಕೂರಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಬ್ಬನ್ ಪಾರ್ಕಿನ ಮಗ್ಗುಲಲ್ಲೇ ಇರುವ ಕಟ್ಟಡ ಅದು. ಗಂಗ ದೊರೆ ಬೂತುಗ ತನ್ನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೆರ ಆ ನಾಯಿಗೆ ಕಲ್ಲು ನಿಲ್ಲಿಸಿದ. ಅದರ ಪೂಜೆ ತಪ್ಪದಿರಲೆಂದು ಭೂಮಿಯನ್ನೂ ಬಿಡಲಾಯಿತು. ಕಾಳಿಯನ್ನು ಸಾವಿನ ಬಾಯಿಗೆ ಕಳಿಸಿದವರೂ ಮನುಷ್ಯರೇ, ನಿಜ. ಆದರೂ ತಮ್ಮ ಮಾತು ಕೇಳಿ ಹೋದ ಜೀವದ ಲೆಕ್ಕ ತಮ್ಮದೇ ಎಂದು ಅವರು ಒಪ್ಪಿಕೊಂಡರು. ಸಾವಿರ ವರ್ಷಗಳ ಬಳಿಕ, ಅದೇ ಕಲ್ಲಿನ ಹತ್ತಿರದ ದಾರಿಗಳಲ್ಲಿ ನಾಯಿಯನ್ನು ನಡೆಸುವ ನಮಗೆ ಅಷ್ಟಾದರೂ ಲೆಕ್ಕ ಬೇಡವೇ?

ಮಾಡಬೇಕಾದದ್ದು ಹೆಚ್ಚೇನಿಲ್ಲ. ಹೊರಡುವ ಮುನ್ನ ಅಂಗೈಯ ಹಿಂಭಾಗವನ್ನು ನೆಲದ ಮೇಲಿಟ್ಟು ಏಳು ಎಣಿಸಿ. ನಿಮ್ಮಿಂದ ತಡೆಯಲಾಗದಿದ್ದರೆ ಅದರಿಂದಲೂ ಆಗದು. ಬಿಸಿಲೇರುವ ಮುಂಚೆ ಹೋಗಿ, ಇಲ್ಲವೇ ಇಳಿದು ನೆಲ ಆರಿದ ಮೇಲೆ ಹೋಗಿ. ಮಣ್ಣು, ಹುಲ್ಲಿನ ದಾರಿ ಹಿಡಿಯಿರಿ. ಕುಡಿಯಲು ನೀರು ಒಯ್ಯಿರಿ. ನಾಯಿ ವಿಪರೀತ ತೇಕಿದರೆ, ಅಂಟು ಜೊಲ್ಲು ಸುರಿಸಿದರೆ, ಒಸಡು ಕಡುಗೆಂಪಾದರೆ, ತೂರಾಡಿದರೆ ತಡಮಾಡಬೇಡಿ. ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ, ಆಮೇಲೆ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ. ನೆಲ ಮುಟ್ಟಿ ನೋಡುವ ಕೆಲಸವನ್ನು ಮಕ್ಕಳಿಗೆ ವಹಿಸಿ. ಇನ್ನೊಬ್ಬರ ಕಾಲಿನ ಬಿಸಿಯನ್ನು ತನ್ನ ಕೈಯಿಂದ ಅರಿತ ಮಗು ಅದನ್ನು ಬೇಗ ಮರೆಯುವುದಿಲ್ಲ.

ಇನ್ನೊಂದು ಮಾತು ಕೆಲವರಿಗೆ ಕಹಿಯೆನಿಸಬಹುದು. ನಸುಕಿನಲ್ಲೂ ಪುರುಸೊತ್ತಿಲ್ಲ, ಸಂಜೆಯೂ ಇಲ್ಲ ಎನ್ನುವ ಮನೆಗೆ ನಾಯಿ ಬೇಕೇ? ಮಗು ಹಠ ಮಾಡಿತೆಂದು, ನೆರೆಮನೆಯಲ್ಲಿದೆಯೆಂದು ಹಿಮದ ನಾಡಿನ ನಾಯಿಯನ್ನು ತಂದು ಬಾಲ್ಕನಿಯಲ್ಲಿ ಕಟ್ಟುವುದು ಪ್ರೀತಿಯಲ್ಲ. 'ಈಗ ಬೇಡ, ಅದನ್ನು ನೋಡಿಕೊಳ್ಳಲು ನಮ್ಮಿಂದಾಗದು' ಎಂದು ಮಗುವಿಗೆ ಬಿಡಿಸಿ ಹೇಳುವುದೂ ಪ್ರಾಣಿದಯೆಯೇ.

ಬೇಸಿಗೆ ರಜೆಗೆ ನಗರದಿಂದ ಬಂದ ಮೊಮ್ಮಗ ನಡುಹಗಲಿನಲ್ಲಿ ನಾಯಿಯ ಹಗ್ಗ ಹಿಡಿದು ಹೊರಟರೆ, ನಮ್ಮ ಕಡೆಯ ಅಜ್ಜಿಯರು ಜಗಲಿಯಿಂದಲೇ ಗದರುತ್ತಾರೆ: "ಯಾಕ್ ಮಗ, ಈ ಉರಿಬಿಸ್ಲಲ್ಲಿ ಆ ಮೂಕಪ್ರಾಣೀನ ಎಳ್ಕಂಡು ಹೊಯ್ತಿದ್ದೀಯ?" ಆ ಅಜ್ಜಿ ಯಾವ ಕಾಯ್ದೆಯನ್ನೂ ಓದಿದವರಲ್ಲ. ಆದರೆ 'ಕರ್ಕೊಂಡು' ಎನ್ನದೆ 'ಎಳ್ಕಂಡು' ಎಂದದ್ದನ್ನು ಗಮನಿಸಿ. ನಾಳೆ ನೀವು ಹಗ್ಗ ಕೈಗೆತ್ತಿಕೊಂಡಾಗ ಆ ಎರಡು ಮಾತುಗಳಲ್ಲಿ ಯಾವುದು ನಿಮಗೆ ಹೊಂದುತ್ತದೆಂದು ಕೇಳಿಕೊಳ್ಳಿ.