‘ಇನ್ನೇನು ಬಂತು’ ಎಂಬ ಸುಳ್ಳು

ಪ್ರಯಾಣದಲ್ಲಿ ನಾವು ಹೇಳುವ ಸುಳ್ಳುಗಳನ್ನು ಸುಳ್ಳೆಂದು ಲೆಕ್ಕ ಹಾಕುವವರು ಕಡಿಮೆ. ಮಗು ‘ಊರು ಬಂತಾ?’ ಎಂದು ಕೇಳಿದರೆ ‘ಇನ್ನೇನು ಬಂತು’ ಎನ್ನುತ್ತೇವೆ. ಹಿರಿಯರು ಕೇಳಿದರೂ ಅದೇ ಉತ್ತರ. ಒಂದು ಸಂಜೆ ನಾನು ಇದೇ ಮಾತನ್ನು ಅಂಧನಾದ ನನ್ನ ಅಕ್ಕನ ಮಗನಿಗೆ ಹೇಳಿದೆ.

ಅವನಿಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪೆನಿಯಲ್ಲಿ ಉದ್ಯೋಗ. ಆ ದಿನ ರಾತ್ರಿ ಪಾಳಿ. ಪೀಣ್ಯದಿಂದ ನನ್ನ ಕಾರಿನಲ್ಲಿ ಕರೆದುಕೊಂಡು ಹೊರಟಿದ್ದೆ. ರಿಂಗ್ ರೋಡಿನಲ್ಲಿ ವಾಹನಗಳು ಇರುವೆಗಳಂತೆ ಸಾಗುತ್ತಿದ್ದವು. ಅವನು ‘ಎಲ್ಲಿದ್ದೇವೆ ಮಾಮ?’ ಎಂದ. ಗಾಬರಿಯಾಗದಿರಲಿ ಎಂದು ‘ಇನ್ನೇನು ಬಂತು, ಹತ್ತು ನಿಮಿಷ’ ಎಂದೆ. ಅವನ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಮಾಮ, ನಾವಿನ್ನೂ ಬಿ.ಟಿ.ಎಂ. ಲೇಔಟಿನಲ್ಲಿದ್ದೇವೆ. ಸಿಲ್ಕ್ ಬೋರ್ಡೇ ಬಂದಿಲ್ಲ. ನಿಮ್ಮ ಮಾತು ನಂಬಿ ಆಫೀಸಿಗೆ ಫೋನ್ ಮಾಡಿ ಹತ್ತು ನಿಮಿಷ ಎಂದಿದ್ದರೆ ಸುಳ್ಳುಗಾರ ನಾನಾಗುತ್ತಿದ್ದೆ.’

ನನಗೆ ಉತ್ತರ ಹೊಳೆಯಲಿಲ್ಲ. ಅವನ ಧ್ವನಿಯಲ್ಲಿ ಕೋಪವೂ ಇರಲಿಲ್ಲ. ಇಂಥ ಮಾತು ಕೇಳಿ ಅಭ್ಯಾಸವಾದವನ ಧ್ವನಿ ಅದು.

ಅವನ ಕಿವಿಯಲ್ಲಿ ಮಾತಾಡುತ್ತಿದ್ದ ಸಾಧನ ಈಗ ಎಲ್ಲರ ಜೇಬಿನಲ್ಲೂ ಇದೆ. ಆಕಾಶದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರಿಂದ ಬರುವ ಸಂಕೇತಗಳ ಸಮಯವನ್ನು ಅಳೆದು ಫೋನು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ವಾಯ್ಸ್‌ಓವರ್ ಐಫೋನಿಗೂ ಟಾಕ್‌ಬ್ಯಾಕ್ ಆಂಡ್ರಾಯ್ಡ್ ಫೋನಿಗೂ 2009ರಲ್ಲಿ ಬಂದವು. ಕಣ್ಣುಳ್ಳವನು ಕಿಟಕಿಯಿಂದ ನೋಡಿ ತಿಳಿಯುವುದನ್ನು ಅಂಧನು ಕೇಳಿ ತಿಳಿಯುತ್ತಾನೆ. ಭಾರತವೂ 2013ರಿಂದ 2016ರ ನಡುವೆ ಇದೇ ಕೆಲಸಕ್ಕಾಗಿ ಏಳು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಉಪಗ್ರಹಗಳ ಜಾಡು ಹಿಡಿಯುವ ಇಸ್ರೋದ ಇಸ್ಟ್ರಾಕ್ ಕೇಂದ್ರ ಪೀಣ್ಯದ ಕಾರ್ಖಾನೆಗಳ ನಡುವೆಯೇ ಇದೆ.

ಒಂದು ವಿಚಿತ್ರ ಸಂಗತಿಯನ್ನೂ ಹೇಳಬೇಕು. ಜಿ.ಪಿ.ಎಸ್. ಅಮೆರಿಕದ ಸೇನೆಯ ವ್ಯವಸ್ಥೆ. 2000ದ ಮೇ ತಿಂಗಳವರೆಗೆ ಸಾಮಾನ್ಯ ಜನರಿಗೆ ಸಿಗುತ್ತಿದ್ದ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ಲೆಕ್ಕವು ನೂರು ಮೀಟರ್‌ವರೆಗೂ ಹೆಚ್ಚುಕಡಿಮೆಯಾಗುತ್ತಿತ್ತು. ನಿಜ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಅಳೆದು ತೂಗಿ ಸುಳ್ಳು ಬಡಿಸುತ್ತಿದ್ದರು. ಕಾರಿನಲ್ಲಿ ಆ ದಿನ ನಾನು ಮಾಡಿದ್ದೂ ಅದನ್ನೇ. ಅವರಿಗೆ ಯುದ್ಧದ ಭಯವಿತ್ತು, ನನಗೆ ಕನಿಕರವಿತ್ತು.

ಕನಿಕರದಿಂದ ಹೇಳಿದ ಸುಳ್ಳಿಗೆ ರಿಯಾಯಿತಿ ಇದೆಯೇ? ಅಬ್ದುಲ್ಲಾ ಇಬ್ನು ಆಮಿರ್(ರ) ತಮ್ಮ ಬಾಲ್ಯದ ಒಂದು ಘಟನೆಯನ್ನು ಹೇಳಿದ್ದಾರೆ. ತಾಯಿ ಅವರನ್ನು, ಬಾ, ಏನೋ ಕೊಡುತ್ತೇನೆ ಎಂದು ಕರೆದರು. ಅಲ್ಲೇ ಕುಳಿತಿದ್ದ ಪ್ರವಾದಿವರ್ಯರು(ಸ) ಏನು ಕೊಡಬೇಕೆಂದಿದ್ದೀರಿ ಎಂದು ವಿಚಾರಿಸಿದರು. ಖರ್ಜೂರ ಎಂದರು ತಾಯಿ. ಏನೂ ಕೊಡದೆ ಹೋಗಿದ್ದರೆ ಅದು ನಿಮ್ಮ ಹೆಸರಿನಲ್ಲಿ ಒಂದು ಸುಳ್ಳಾಗಿ ಬರೆಯಲ್ಪಡುತ್ತಿತ್ತು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಕೇಳಿಸಿಕೊಳ್ಳುವವನು ಪರೀಕ್ಷಿಸಲಾರನು ಎಂಬ ಕಾರಣಕ್ಕೆ ಸುಳ್ಳು ಹಗುರವಾಗುವುದಿಲ್ಲ. ಅಂಧನನ್ನು ದಾರಿ ತಪ್ಪಿಸುವವನ ಮೇಲೆ ಶಾಪವಿದೆಯೆಂದೂ ಹದೀಸಿನಲ್ಲಿ ಬಂದಿದೆ. ದಾರಿ ತಪ್ಪಿಸುವುದೆಂದರೆ ಹೊಂಡದ ಕಡೆಗೆ ತಿರುಗಿಸುವುದು ಮಾತ್ರ ಎಂದುಕೊಂಡಿದ್ದೆ. ಅವನು ಎಲ್ಲಿದ್ದಾನೆಂಬುದನ್ನು ಅವನಿಂದಲೇ ಮರೆಮಾಚುವುದು ಅದರ ನೆರೆಮನೆಯದ್ದಲ್ಲವೇ?

ಇದನ್ನು ಹೇಳಿದಾಗ ಮಿತ್ರರೊಬ್ಬರು ಆಕ್ಷೇಪಿಸಿದರು. ಬಾಡಿಗೆ ಕಾರಿನಲ್ಲಿ ಕುಳಿತು ಕಿವಿಯಲ್ಲಿ ದಾರಿ ಕೇಳುತ್ತಿರುವುದು ಚಾಲಕನ ಮೇಲೆ ಗುಮಾನಿ ಪಟ್ಟಂತಲ್ಲವೇ, ಕುರ್‌ಆನ್ ಅನುಮಾನಗಳಿಂದ ದೂರವಿರಲು ಆಜ್ಞಾಪಿಸಿದೆಯಲ್ಲ ಎಂದು. ಆದರೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂತರೆ ಅದನ್ನು ಯಾರೂ ಗುಮಾನಿ ಎನ್ನುವುದಿಲ್ಲ. ನನಗೆ ಸಹಜವಾದದ್ದು ಅವನಿಗೆ ಮಾತ್ರ ಅಪರಾಧವಾಗುವುದು ಹೇಗೆ? ವೈಟ್‌ಫೀಲ್ಡಿನಲ್ಲಿ ರಾತ್ರಿ ಹತ್ತು ಗಂಟೆಗೆ ಒಬ್ಬಳೇ ಕ್ಯಾಬ್ ಹತ್ತುವ ಅಂಧ ಸಹೋದರಿಗೆ ಇದು ಸಂಶಯದ ಪ್ರಶ್ನೆಯಲ್ಲ, ರಕ್ಷಣೆಯ ಪ್ರಶ್ನೆ.

ಇನ್ನೊಬ್ಬರು, ಯಂತ್ರವೇ ದಾರಿ ತೋರಿಸಿದರೆ ನಮಗೆ ಪುಣ್ಯ ಸಂಪಾದಿಸುವ ಅವಕಾಶವೇ ಇಲ್ಲವಾಯಿತು ಎಂದು ಕೊರಗಿದರು. ದೃಷ್ಟಿ ಮಂದವಾದವನಿಗೆ ದಾರಿ ತೋರುವುದು ದಾನವೆಂಬುದು ನಿಜ. ಆದರೆ ಅಂಧರು ನಮ್ಮ ಪುಣ್ಯದ ಖಾತೆ ತುಂಬಿಸಲಿಕ್ಕಾಗಿ ಹುಟ್ಟಿದವರಲ್ಲ. ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌(ರ)ರನ್ನು ನೆನಪಿಸಿಕೊಳ್ಳಿ. ಕುರೈಶರ ಮುಖಂಡರೊಡನೆ ಪ್ರವಾದಿವರ್ಯರು(ಸ) ಮಾತಾಡುತ್ತಿದ್ದಾಗ ಆ ಅಂಧ ಅನುಚರರು ಬಂದದ್ದು ಭಿಕ್ಷೆಗಾಗಿಯಲ್ಲ, ತಿಳಿಯಲಿಕ್ಕಾಗಿ. ಆ ಕ್ಷಣ ಪ್ರವಾದಿವರ್ಯರ(ಸ) ಮುಖದಲ್ಲಿ ಮೂಡಿದ ಅಸಮಾಧಾನ ಅವರಿಗೆ ಕಾಣುವಂತಿರಲಿಲ್ಲ. ಆದರೂ ಅದರ ಬಗ್ಗೆ ‘ಅಬಸ’ ಅಧ್ಯಾಯ ಅವತೀರ್ಣವಾಯಿತು. ಮುಂದೆ ಅವರು ಅದಾನ್ ಕರೆ ಕೊಡುವವರಾದರು. ಪ್ರವಾದಿವರ್ಯರು(ಸ) ಪ್ರಯಾಣ ಹೊರಟಾಗ ಮದೀನದ ಹೊಣೆಯನ್ನೂ ಅವರಿಗೆ ವಹಿಸಿದ್ದುಂಟು.

ಹಾಗೆಂದು ಫೋನು ಎಲ್ಲವನ್ನೂ ಬಲ್ಲದೆಂದಲ್ಲ. ಹೊಸೂರು ರಸ್ತೆಯ ಮೇಲೆ 2010ರಲ್ಲಿ ತೆರೆದ ಸುಮಾರು ಒಂಬತ್ತು ಕಿಲೋಮೀಟರ್ ಮೇಲ್ಸೇತುವೆಯಿದೆ. ಕಾರು ಅದರ ಮೇಲಿದೆಯೋ ಕೆಳಗಿನ ರಸ್ತೆಯಲ್ಲಿದೆಯೋ ಎಂಬುದರಲ್ಲಿ ಫೋನು ಗಲಿಬಿಲಿಗೊಳ್ಳುತ್ತದೆ. ‘ನೀವು ತಲುಪಿದ್ದೀರಿ’ ಎಂದು ಅದು ಘೋಷಿಸಿದ ಜಾಗದಲ್ಲಿ ರಸ್ತೆ ಅಗೆದಿರಬಹುದು, ಚರಂಡಿಯ ಕಲ್ಲು ಕಿತ್ತಿರಬಹುದು, ಗೇಟು ರಸ್ತೆಯ ಆಚೆ ಬದಿಗಿರಬಹುದು. ಕೆಲವು ಮೀಟರುಗಳ ವ್ಯತ್ಯಾಸ ಕಾರಿಗೆ ಏನೂ ಅಲ್ಲ, ಕೋಲು ಹಿಡಿದು ಇಳಿಯುವವನಿಗೆ ಅದೇ ಎಲ್ಲವೂ. ಎಷ್ಟೋ ಚಾಲಕರು ಯು-ಟರ್ನ್ ತಪ್ಪಿಸಲು ಎದುರು ಬದಿಯಲ್ಲೇ ಇಳಿಸಿ, ‘ಇಲ್ಲೇ ಸಾರ್, ಮುಂದೇನೇ’ ಎಂದು ಹೇಳಿ ಹೊರಟುಬಿಡುತ್ತಾರೆ. ಅಲ್ಲಿ ಬೇಕಾದದ್ದು ಒಬ್ಬ ಮನುಷ್ಯನ ಎರಡು ನಿಜವಾದ ಮಾತು: ಯಾವ ಬದಿ, ಎಷ್ಟು ಹೆಜ್ಜೆ.

ಕಳೆದ ವಾರ ಮತ್ತೆ ಅವನನ್ನು ಕರೆದೊಯ್ದೆ, ಈ ಸಲ ವೈಟ್‌ಫೀಲ್ಡಿನ ಒಂದು ಹೊಸ ಕಟ್ಟಡಕ್ಕೆ. ಫೋನು ತಲುಪಿದೆವೆಂದಿತು. ‘ಬಾಗಿಲು ಎಡಕ್ಕೋ ಬಲಕ್ಕೋ ಮಾಮ?’ ಎಂದ. ಎಡಕ್ಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ‘ಗೊತ್ತಿಲ್ಲ ಕಣೋ, ತಾಳು’ ಎಂದೆ. ಕಾರು ನಿಲ್ಲಿಸಿ, ಇಳಿದು ಹೋಗಿ ನೋಡಿ ಬಂದೆ.